ಗಡಿಯಾಚೆಗೆ ಕೊಟ್ಟ ಡಿಫೆಂಡರ್

ಆ ವರ್ಷ ನನಗೆ ಬೇಕಾಗಿದ್ದದ್ದು ಒಬ್ಬಳೇ ಒಬ್ಬ ಡಿಫೆಂಡರ್.

ಚಳ್ಳಕೆರೆಯ ಖಾಸಗಿ ಪದವಿ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ. ನಮ್ಮ ಹುಡುಗಿಯರ ಖೋ-ಖೋ ತಂಡ ಅಟ್ಟುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಓಡುವ ಸರದಿ ಬಂದರೆ ಮಾತ್ರ, ನಾನು ಬಾಟಲಿ ತೆಗೆದು ನೀರು ಕುಡಿದು ಮುಚ್ಚಳ ಹಾಕುವಷ್ಟರಲ್ಲಿ ಮೊದಲ ಮೂವರೂ ಔಟಾಗಿ ನನ್ನ ಪಕ್ಕದಲ್ಲಿ ಕೂತಿರುತ್ತಿದ್ದರು. ಈ ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಅಟ್ಟುವ ತಂಡದವರು ಎರಡು ಕಂಬಗಳ ನಡುವೆ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ, ಒಬ್ಬಳು ಎದ್ದು ಅಟ್ಟುತ್ತಾಳೆ, ಬೇಕೆಂದಾಗ ಕೂತವಳ ಬೆನ್ನು ತಟ್ಟಿ 'ಖೋ' ಕೊಡುತ್ತಾಳೆ. ಓಡುವ ತಂಡದವರು, ಅಂದರೆ ಡಿಫೆಂಡರುಗಳು, ಮೂವರು ಮೂವರಾಗಿ ಒಳಗೆ ಬರುತ್ತಾರೆ. ಎಷ್ಟು ಹೊತ್ತು ಸಿಗದೆ ಉಳಿಯುತ್ತಾರೋ ಅಷ್ಟು ಲಾಭ. ಅಟ್ಟುವುದನ್ನು ಬೈದಾದರೂ ಕಲಿಸಬಹುದು. ಸಿಗದೆ ಉಳಿಯುವುದನ್ನು ಕಲಿಸಲು ನನ್ನ ಬೈಗುಳ ಸಾಲುತ್ತಿರಲಿಲ್ಲ.

ಆಟಗಾರ್ತಿಯರನ್ನು ಹುಡುಕಿ ತರುವುದೂ ನನ್ನ ಕೆಲಸವೇ. ಅದಕ್ಕೆ ಕಾರ್ಯದರ್ಶಿಗಳು ಒಂದು ಕಟ್ಟುಪಾಡು ಹಾಕಿದ್ದರು. ಅವರು ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರು. ಆಟದ ಹುಚ್ಚು ಎಷ್ಟಿತ್ತೋ ಲೆಕ್ಕದ ಹುಚ್ಚೂ ಅಷ್ಟೇ ಇತ್ತು. "ಕರ್ನಾಟಕದಾಗೆ ಓದಿದ ಹುಡುಗೇರು ಎಷ್ಟು ಜನ ಸಿಕ್ಕರೂ ತರ್ರಿ ಮೇಡಂ, ಫೀಸು ಮಾಫಿ. ಹೊರಗಿನೋರು ಮಾತ್ರ ವರ್ಷಕ್ಕೆ ಒಬ್ಬರೇ" ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಇಲ್ಲಿಯೇ ಓದಿದ ಬಡಮಕ್ಕಳಿಗೆ ಸರ್ಕಾರದ ವಿದ್ಯಾರ್ಥಿವೇತನ ಬರುತ್ತದೆ, ಆಡಳಿತ ಮಂಡಳಿ ಬಿಟ್ಟುಕೊಡುವುದು ಅಲ್ಪಸ್ವಲ್ಪ. ಹೊರರಾಜ್ಯದವರಾದರೆ ಫೀಸು ಮೂರು ಪಟ್ಟು, ವಿಶ್ವವಿದ್ಯಾಲಯಕ್ಕೆ ಅರ್ಹತೆಯ ಶುಲ್ಕ ಬೇರೆ, ಹಾಸ್ಟೆಲ್ ಬೇರೆ, ವಿದ್ಯಾರ್ಥಿವೇತನ ಇಲ್ಲ. ಎಲ್ಲವೂ ಮಂಡಳಿಯ ಜೇಬಿನಿಂದಲೇ ಹೋಗಬೇಕು.

ಆ ಒಂದು ಹೊರಗಿನ ಸೀಟನ್ನು ನಾನು ಆಗಲೇ ಕೊಟ್ಟಾಗಿತ್ತು. ಮಹಾರಾಷ್ಟ್ರದ ಸಾಂಗ್ಲಿ ಕಡೆಯ ಒಬ್ಬ ಚೇಸರ್, ಕಂಬ ಹಿಡಿದು ನೆಲಕ್ಕೆ ಸಮಾನಾಂತರವಾಗಿ ಹಾರಿ ಮುಟ್ಟುವವಳು. ಅವಳ ಊರಿನಲ್ಲಿ ಅಂಥವರು ಹತ್ತು ಜನ ಇದ್ದಾರಂತೆ, ಇವಳಿಗೆ ತಂಡದಲ್ಲಿ ಜಾಗ ಸಿಗುತ್ತಿರಲಿಲ್ಲ. ನಮಗೆ ಅವಳೊಬ್ಬಳೇ ದೊಡ್ಡ ಭಾಗ್ಯ. ಹಾಸ್ಟೆಲ್ ಕೋಣೆ ಸಿಗುವ ತನಕ ನಮ್ಮ ಮನೆಯಲ್ಲೇ ಇದ್ದಳು. ನಮ್ಮ ಮನೆಮಾತು ಉರ್ದು, ಅವಳದು ಮರಾಠಿ. ಅಮ್ಮಿ ಮತ್ತು ಅವಳು ಮಧ್ಯದಲ್ಲಿ ಎಲ್ಲೋ ಒಂದು ಹಿಂದಿ ಕಟ್ಟಿಕೊಂಡು ನನ್ನನ್ನೇ ಆಡಿಕೊಳ್ಳುತ್ತಿದ್ದರು.

ಡಿಫೆಂಡರ್ ಸಿಕ್ಕಿದ್ದು ಮೊಳಕಾಲ್ಮೂರಿನಲ್ಲಿ. ಬೇಸಿಗೆ ರಜೆಯಲ್ಲಿ ಅಲ್ಲಿನ ಯುವಕ ಸಂಘದವರು ಹುಡುಗಿಯರ ಪಂದ್ಯ ಇಟ್ಟಿದ್ದರು, ಅತಿಥಿ ಅಂತ ನನ್ನನ್ನು ಕರೆದಿದ್ದರು. ಬಿಸಿಲಿಗೆ ಹೆದರಿ ಶಾಮಿಯಾನದ ಕೆಳಗೆ ಕೂತವಳು, ಎರಡನೆಯ ಪಂದ್ಯಕ್ಕೆ ಎದ್ದು ಗೆರೆಯ ಹತ್ತಿರ ಹೋಗಿ ನಿಂತೆ. ಒಬ್ಬ ಹುಡುಗಿ ಓಡುತ್ತಿದ್ದಳು. ಎಲ್ಲರೂ ತಮ್ಮನ್ನು ಅಟ್ಟುವವಳನ್ನು ನೋಡಿಕೊಂಡು ಓಡುತ್ತಾರೆ. ಇವಳು ಕೂತವರ ಹಿಮ್ಮಡಿ ನೋಡಿಕೊಂಡು ಓಡುತ್ತಿದ್ದಳು. ಖೋ ಬರುವ ಮೊದಲು ಕೂತವಳ ಮೈಭಾರ ತನಗೇ ಗೊತ್ತಿಲ್ಲದಂತೆ ಬೆರಳ ಮೇಲೆ ಬರುತ್ತದೆ, ಹಿಮ್ಮಡಿ ಏಳುತ್ತದೆ. ಅದನ್ನು ನೋಡಿದವಳಿಗೆ ಯಾರು ಏಳುತ್ತಾರೆಂದು ಅರೆಕ್ಷಣ ಮೊದಲೇ ತಿಳಿಯುತ್ತದೆ. ನಾನಿದನ್ನು ಹುಡುಗಿಯರಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೆ. ಇವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪಂದ್ಯ ಮುಗಿದ ಮೇಲೆ ಕರೆದು ಕೇಳಿದೆ. "ಯಾವೂರವ್ವ ನಿಂದು?"

ಅದೇ ತಾಲ್ಲೂಕಿನ ಸಿದ್ದಾಪುರದ ಪಕ್ಕದ ಹಳ್ಳಿಯ ಹೆಸರು ಹೇಳಿದಳು.

"ಯಾರ ಮಗಳು?"

ಅಪ್ಪನ ಹೆಸರು ಹೇಳಿದಳು. ನನಗೆ ನಗು ಬಂತು. ಆತ ಟೆಂಪೋ ಇಟ್ಟುಕೊಂಡು ಚಳ್ಳಕೆರೆ ಮಿಲ್ಲುಗಳಿಗೆ ಶೇಂಗಾ ತರುವವನು. ಆ ಟೆಂಪೋ ತಿಂಗಳಿಗೊಮ್ಮೆ ನಮ್ಮ ಅಣ್ಣನ ಗ್ಯಾರೇಜಿನಲ್ಲಿ ಬಿದ್ದಿರುತ್ತಿತ್ತು. ಊರು ಗೊತ್ತು, ಅಪ್ಪ ಗೊತ್ತು, ಮಾತು ನಮ್ಮದೇ. ಇನ್ನೇನು ಕೇಳುವುದು? "ಪಿಯುಸಿ ಆಯ್ತಾ?" ಅಂದೆ. "ಆಯ್ತು ಮೇಡಂ." "ಜೂನ್‌ನಾಗೆ ಅಪ್ಪನ್ನ ಕರ್ಕಂಡು ಕಾಲೇಜಿಗೆ ಬಾ, ಫೀಸಿಲ್ಲ" ಅಂದೆ. ಮರುದಿನವೇ ಕಾರ್ಯದರ್ಶಿಗಳ ಮುಂದೆ ನಿಂತು, ಸಾಂಗ್ಲಿಯವಳೊಬ್ಬಳನ್ನು ಬಿಟ್ಟರೆ ತಂಡದಲ್ಲಿ ಎಲ್ಲರೂ ನಮ್ಮ ಸೀಮೆಯವರೇ ಎಂದು ಎದೆಯುಬ್ಬಿಸಿಕೊಂಡು ಹೇಳಿ ಬಂದೆ.

ಜೂನ್‌ನಲ್ಲಿ ಅಪ್ಪ ಮಗಳು ಬಂದರು. ಪ್ರವೇಶದ ಮೇಜಿನ ಗುಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲೆಲ್ಲಿ ಓದಿದ್ದಮ್ಮ?"

ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದಳು. ಒಂದನೆಯ ತರಗತಿಯಿಂದ ಹತ್ತರವರೆಗೆ ರಾಯದುರ್ಗದ ಹತ್ತಿರ ಅಜ್ಜಿಯ ಊರು, ಆಮೇಲೆ ರಾಯದುರ್ಗ. ಎಲ್ಲವೂ ತೆಲುಗು ಮಾಧ್ಯಮ. ಎಲ್ಲವೂ ಆಂಧ್ರ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಲ್ಲಿ. ಎಷ್ಟೋ ಮನೆಗಳಲ್ಲಿ ಆ ಚೊಚ್ಚಲ ಮಗು ಅಜ್ಜಿಯ ಹತ್ತಿರವೇ ಉಳಿದುಬಿಡುತ್ತದೆ. ತಾಯಿ ಎರಡನೆಯ ಸಲ ಬಸಿರಾಗುವ ಹೊತ್ತಿಗೆ ಅಜ್ಜಿ ಬಿಡುವುದಿಲ್ಲ, ಮಗು ಬರುವುದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಅರ್ಧ ಮನೆಗಳ ಸೊಸೆಯರಿಗೆ ತವರು ಗಡಿಯಾಚೆ. ಆದರೆ ಹಾಗೆ ಬೆಳೆದ ಮಗುವನ್ನು ಯಾವೂರು ಎಂದು ಕೇಳಿದರೆ ಅದು ಅಪ್ಪನ ಊರನ್ನೇ ಹೇಳುತ್ತದೆ, ಆ ಊರಿನಲ್ಲಿ ಎರಡು ರಾತ್ರಿ ಮಲಗಿರದಿದ್ದರೂ. ನಾನು ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ನಾನು ಕೇಳಬೇಕಾಗಿದ್ದದ್ದು 'ಎಲ್ಲಿ ಬೆಳೆದೆ' ಅಂತ. ಹೊರಗಿನ ಊರಿನ ಕೋಚ್ ಆಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದನೇನೋ.

"ಹೊರರಾಜ್ಯ ಆಗ್ತದೆ ಮೇಡಂ" ಎಂದರು ಗುಮಾಸ್ತರು.

ಅಪ್ಪನಿಗೆ ಅದು ಬೈಗುಳದಂತೆ ಕೇಳಿಸಿತು. "ಏನ್ ಮಾತು ಆಡ್ತೀರಿ ಸ್ವಾಮಿ? ನಮ್ದು ರೇಷನ್ ಕಾರ್ಡ್ ಇಲ್ಲೈತೆ, ಓಟು ಇಲ್ಲೈತೆ, ಹೊಲ ಇಲ್ಲೈತೆ. ನಮ್ಮ ಹುಡುಗಿ ಹೆಂಗೆ ಹೊರಗಿನೋಳಾಗ್ತಾಳೆ?"

"ಓಟು ಯಾರೂ ನೋಡಲ್ಲಪ್ಪ. ಓದಿದ್ದು ನೋಡ್ತಾರೆ."

ಹುಡುಗಿ ನನ್ನ ಮುಖ ನೋಡಿದಳು. "ಹಂಗಾದ್ರೆ ಸೀಟಿಲ್ಲೇನ್ರಿ ಮೇಡಂ?"

"ನೋಡ್ತೀನಿ ಇರು" ಅಂದೆ. ಏನೂ ಮಾಡಲು ತೋಚದಾಗ ನಾವೆಲ್ಲ ಆಡುವ ಮಾತು ಅದು.

ನೇರ ಕಾರ್ಯದರ್ಶಿಗಳ ಹತ್ತಿರ ಹೋದೆ. ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಇನ್ನಷ್ಟು ಕಷ್ಟವಾಯಿತು. "ಹೊರಗಿನ ಸೀಟು ಒಂದೇ ಅಂದಿದ್ದೆ. ಅದನ್ನ ನೀವೇ ಕೊಟ್ಟೀರಿ" ಎಂದರು.

"ಇವಳು ಹೊರಗಿನವಳಲ್ಲ ಸರ್."

"ನಿಮಗೆ ಅಲ್ಲ, ನನಗೂ ಅಲ್ಲ. ಫೀಸಿಗೆ ಹೊರಗಿನೋಳೇ. ಇವತ್ತು ಇಬ್ಬರಿಗೆ ಕೊಟ್ರೆ ನಾಳೆ ಬಾಲ್ ಬ್ಯಾಡ್ಮಿಂಟನ್‌ನೋರು ಬಂದು ಕೂತ್ಕಂತಾರೆ. ಬೇಕಾದ್ರೆ ಆ ಮರಾಠಿ ಹುಡುಗಿನ್ನ ವಾಪಸ್ ಕಳಿಸ್ರಿ, ಇವಳನ್ನ ತಗಳ್ರಿ."

ಆ ಮರಾಠಿ ಹುಡುಗಿ ಆ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಅಮ್ಮಿಗೆ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದಳು. ಮಾತು ಕೊಟ್ಟು ಕರೆಸಿಕೊಂಡವಳನ್ನು ಬಸ್ಸು ಹತ್ತಿಸುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಹೊರಗೆ ಬಂದಾಗ ಕಚೇರಿಯ ಒಬ್ಬರು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ದಾರಿ ಹೇಳಿಕೊಟ್ಟರು. ಅವರಿಗೆ ಬೇಕಾದ ಹೆಡ್‌ಮಾಸ್ತರೊಬ್ಬರು ಇದ್ದಾರಂತೆ; ಕರ್ನಾಟಕದವಳು ಎನ್ನಿಸಿಕೊಳ್ಳಲು ಬೇಕಾದ ಏಳು ವರ್ಷ ಹುಡುಗಿ ಇಲ್ಲೇ ಓದಿದಳೆಂದು ಒಂದು ವ್ಯಾಸಂಗ ಪ್ರಮಾಣಪತ್ರ ಬರೆಸಿಬಿಡಬಹುದಂತೆ. ನಾನು ರೇಗಿದೆ. ಅವರ ಮೇಲಿನ ಸಿಟ್ಟಿಗಿಂತ, ಅರೆಗಳಿಗೆ ನನಗೂ ಆ ಮಾತು ರುಚಿಸಿತಲ್ಲ ಎಂಬ ಸಿಟ್ಟೇ ಹೆಚ್ಚಾಗಿತ್ತು. ಅಂತರ್ ವಿಶ್ವವಿದ್ಯಾಲಯದ ಪಂದ್ಯಕ್ಕೆ ಹೋದಾಗ ಎದುರಾಳಿಗಳು ಮೊದಲು ಕೆದಕುವುದೇ ಇಂಥದ್ದನ್ನು. ಸಿಕ್ಕಿಬಿದ್ದರೆ ನನಗೆ ಒಂದು ನೋಟೀಸು. ಹುಡುಗಿಯ ಆಟ ಅಲ್ಲಿಗೆ ಮುಗಿದಂತೆ.

ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳುವ ಮಾತಲ್ಲ ಅನ್ನಿಸಿ ಅಜ್ಜಿಯ ಊರಿಗೇ ಹೊರಟೆ. ಚಳ್ಳಕೆರೆಯಿಂದ ಮೊಳಕಾಲ್ಮೂರು, ಅಲ್ಲಿಂದ ರಾಯದುರ್ಗದ ಬಸ್ಸು. ನಡುವೆ ಗುಂಡುಗಳ ಗುಡ್ಡ, ಗುಡ್ಡದ ಬುಡದಲ್ಲಿ ಕುರಿ. ಎಲ್ಲಿ ಕರ್ನಾಟಕ ಮುಗಿಯಿತು ಎಂದು ಬಸ್ಸಿನಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಕಂಡಕ್ಟರ್ ಮಾತ್ರ ಕನ್ನಡದಿಂದ ತೆಲುಗಿಗೆ ಹೊರಳಿದ್ದ.

ಅಜ್ಜಿ ಮನೆಯ ಮುಂದೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನಾನು ಯಾರೆಂದು ಹೇಳಿದೆ. "ಆಟದ ಮೇಡಮ್ಮನಾ? ರಾ ತಲ್ಲಿ, ಕೂಕೋ" ಎಂದು ಚಾಪೆ ಹಾಸಿದರು. ನಾನು ವಿಷಯ ಹೇಳುವ ಮೊದಲೇ ಅವರಿಗೆ ಎಲ್ಲ ತಿಳಿದಿತ್ತು. ಅಳಿಯ ಬಂದು ಕೂಗಾಡಿ ಹೋಗಿದ್ದನಂತೆ.

"ಓದಿಸಲ್ಲ ಅಂತ ನಾ ಅನ್ನಲ್ಲ ಮೇಡಮ್ಮ. ದುಡ್ಡು ಕಟ್ಟಿ ಓದ್ಸೋಕೆ ನಂತಾವ ಐತಾ? ಇವಳ ಚಿಕ್ಕಮ್ಮ ರಾಯದುರ್ಗದಾಗೆ ಪ್ಯಾಂಟು ಹೊಲಿಯಾಕೆ ಹೋಗ್ತಾಳೆ. ಇವಳಿಗೂ ಒಂದು ಮಿಷನ್ ಇಟ್ಟವ್ರೆ. ಸೋಮವಾರದಿಂದ ಹೋಗ್ತಾಳೆ."

ರಾಯದುರ್ಗದ ಜೀನ್ಸ್ ಪ್ಯಾಂಟಿನ ಯೂನಿಟ್ಟುಗಳು ನನಗೆ ಗೊತ್ತಿದ್ದವು. ಅಲ್ಲಿ ಹೊಲಿಯುವುದು ಅವಮಾನದ ಕೆಲಸವೇನಲ್ಲ, ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಮಿಷನ್ ಮುಂದೆ ಬಗ್ಗಿ ಕೂತವಳು ಇನ್ನು ಎಲ್ಲಿ ಓಡುತ್ತಾಳೆ? ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. "ಪರವಾಗಿಲ್ಲ ಬಿಡ್ರಿ ಮೇಡಂ" ಎಂದಳು, ನನ್ನನ್ನೇ ಸಮಾಧಾನ ಮಾಡುವಂತೆ. ಮುದ್ದೆ, ಹುರುಳಿಸಾರು ಬಡಿಸಿದರು. ಉಂಡು ಎದ್ದು ಬಂದೆ.

ಹಿಂದಿರುಗುವಾಗ ರಾಯದುರ್ಗದಲ್ಲಿ ಬಸ್ಸು ನಿಂತಿತ್ತು. ಕಿಟಕಿಯಿಂದ ಅಲ್ಲಿನ ಒಂದು ಪದವಿ ಕಾಲೇಜಿನ ಮೈದಾನ ಕಾಣುತ್ತಿತ್ತು. ನನ್ನ ಕಣ್ಣು ಅಭ್ಯಾಸಬಲದಿಂದ ಕಂಬ ಹುಡುಕಿತು. ಒಂದು ಕಂಬ ಇತ್ತು, ಇನ್ನೊಂದು ಇರಲಿಲ್ಲ. ಇಲ್ಲಿ ಖೋ-ಖೋ ಆಡುವವರು ಇದ್ದರು, ಈಗಿಲ್ಲ ಅಂದುಕೊಂಡೆ. ಆಮೇಲೆ ಹೊಳೆಯಿತು. ನಮ್ಮಲ್ಲಿ ಯಾವ ಕಾರಣಕ್ಕೆ ಅವಳು ಹೊರಗಿನವಳೋ, ಅದೇ ಕಾರಣಕ್ಕೆ ಇಲ್ಲಿ ಅವಳು ಅಪ್ಪಟ ಲೋಕಲ್. ಫೀಸು ಸರ್ಕಾರವೇ ಕಟ್ಟುತ್ತದೆ. ಅಜ್ಜಿಯ ಊರಿನಿಂದ ಬಸ್ಸಿದೆ. ಇಲ್ಲದೆ ಇರುವುದು ತಂಡ ಒಂದೇ.

ಒಪ್ಪಿಕೊಳ್ಳಲು ಸುಲಭವಿರಲಿಲ್ಲ. ನಾನು ಕಂಡುಹಿಡಿದ ಹುಡುಗಿಯನ್ನು ಬೇರೆ ವಿಶ್ವವಿದ್ಯಾಲಯಕ್ಕೆ, ಅದೂ ನಮ್ಮದೇ ದಕ್ಷಿಣ ವಲಯದಲ್ಲಿ ನಮ್ಮ ಎದುರು ಆಡುವ ವಿಶ್ವವಿದ್ಯಾಲಯಕ್ಕೆ, ನಾನೇ ಕೈಹಿಡಿದು ಕೊಟ್ಟು ಬರಬೇಕು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಡ್ರೈವರ್ ಹಾರನ್ ಹೊಡೆದ. ಬ್ಯಾಗು ತೆಗೆದುಕೊಂಡು ಇಳಿದೆ.

ಆ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಸಿಕ್ಕರು. ನಾನು ಬಂದ ಕಾರಣ ಹೇಳಿದಾಗ ಮೊದಲು ನಂಬಲಿಲ್ಲ. "ಮಾ ದಗ್ಗರ ಆಡಪಿಲ್ಲಲ ಟೀಮೇ ಲೇದು ಮೇಡಂ" ಎಂದರು. ಹುಡುಗಿಯರ ತಂಡವೇ ಇಲ್ಲವಂತೆ. ಆಮೇಲೆ ನಕ್ಕು ಕನ್ನಡಕ್ಕೆ ಬಂದರು. "ಕರ್ನಾಟಕದ ಕೋಚ್‌ಗಳು ನಮ್ಮ ಹುಡುಗರನ್ನ ಎತ್ಕಂಡು ಹೋಗೋಕೆ ಬರ್ತಾರೆ. ನೀವು ಕೊಡೋಕೆ ಬಂದೀರಾ?"

"ಕೊಡೋಕೇ ಬಂದೆ. ಆದ್ರೆ ಸುಮ್ನೆ ಕೂರಿಸಿದ್ರೆ ವಾಪಸ್ ಕರ್ಕಂಡು ಹೋಗ್ತೀನಿ" ಅಂದೆ. ವಾಪಸ್ ಕರೆದುಕೊಂಡು ಹೋಗಲು ನನ್ನ ಹತ್ತಿರ ಜಾಗವಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಸೋಮವಾರ ಹುಡುಗಿ ಯೂನಿಟ್ಟಿಗೆ ಹೋಗಲಿಲ್ಲ, ಬಿ.ಎ. ತರಗತಿಗೆ ಹೋದಳು. ಆ ಮಿಷನ್ನಿಗೆ ಅಜ್ಜಿ ಇನ್ನಾರನ್ನೋ ಕಳಿಸಿ ಚಿಕ್ಕಮ್ಮನ ಮಾತು ಉಳಿಸಿದರಂತೆ.

ಭಾನುವಾರಗಳು ಶುರುವಾದದ್ದು ಹಾಗೆ. ಅವಳು ರಾಯದುರ್ಗದ ಬಸ್ಸಿನಲ್ಲಿ, ನಾನು ಅಣ್ಣನ ಹಳೆಯ ಸ್ಕೂಟರಿನಲ್ಲಿ, ಮೊಳಕಾಲ್ಮೂರಿನ ಶಾಲಾ ಮೈದಾನದಲ್ಲಿ ಸೇರುತ್ತಿದ್ದೆವು. ಸಾಲಿನಲ್ಲಿ ಕೂರಲು ಅಲ್ಲಿನ ಹೈಸ್ಕೂಲು ಹುಡುಗಿಯರು. ಮೊದಲು ಎಲ್ಲರೂ ಸೇರಿ ಗರಸು ಕಲ್ಲು ಆರಿಸಿ ಗಡಿಗೆರೆ ಆಚೆ ಎಸೆಯಬೇಕು, ಆಮೇಲೆ ಸುಣ್ಣದ ಗೆರೆ. ಅವಳಿಗೆ ಹಿಮ್ಮಡಿ ಓದುವುದು ಬರುತ್ತಿತ್ತು, ಉಸಿರು ಉಳಿಸಿಕೊಳ್ಳುವುದು ಬರುತ್ತಿರಲಿಲ್ಲ. ಎಲ್ಲವನ್ನೂ ಮೊದಲ ನಿಮಿಷದಲ್ಲೇ ಓಡಿ ಮುಗಿಸಿಬಿಡುತ್ತಿದ್ದಳು. ಕೂತವರ ನಡುವೆ ಒಬ್ಬೊಬ್ಬರನ್ನೇ ಬಳಸಿ ಹಾವಿನಂತೆ ಹೋಗುವ ಚೈನ್ ಓಟವನ್ನು ಅರ್ಧ ವೇಗದಲ್ಲಿ ಮಾಡಿಸಿದೆ, ಓಡುತ್ತಾ ಹಾಡು ಹೇಳಿಸಿದೆ. ಹಾಡು ಕಡಿದರೆ ಮತ್ತೆ ಮೊದಲಿನಿಂದ. ತೆಲುಗು ಸಿನಿಮಾ ಹಾಡುಗಳೆಲ್ಲ ನನಗೆ ಬಾಯಿಪಾಠವಾದದ್ದು ಹೀಗೆ.

ಮೊದಲ ವರ್ಷ ಏನೂ ಗಿಟ್ಟಲಿಲ್ಲ. ಅವಳ ವಿಶ್ವವಿದ್ಯಾಲಯದ ಆಯ್ಕೆಗೆ ಒಬ್ಬಳೇ ಹೋದಳು. ತಂಡದ ಜೊತೆ ಬಂದವರನ್ನು ಆಯ್ಕೆಗಾರರು ನೋಡಿದರು, ಒಂಟಿಯಾಗಿ ಬಂದವಳನ್ನು ಕೊನೆಗೆ ಕಾಟಾಚಾರಕ್ಕೆ ಓಡಿಸಿ ಕಳಿಸಿದರು. ಮರು ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಫೋನು ಮಾಡಿದರೆ ಅಜ್ಜಿ ಎತ್ತಿದರು. "ಅವಳಿಗೆ ಮನಸು ಮುರಿದೈತೆ ಮೇಡಮ್ಮ. ಪ್ಯಾಂಟು ಹೊಲಿಯಾಕೆ ಹೋಗ್ತೀನಿ ಅಂತಾಳೆ."

ನಾನು ಆ ಮೇಷ್ಟ್ರಿಗೆ ಫೋನು ಮಾಡಿ ನಾಲ್ಕು ಮಾತು ಬಿಸಿಯಾಗಿಯೇ ಆಡಿದೆ. ಅವರು ಎದುರಾಡಲಿಲ್ಲ. "ತಪ್ಪು ನಂದೇ ಮೇಡಂ. ಒಬ್ಬಳನ್ನ ಕಳಿಸಬಾರದಾಗಿತ್ತು. ತಂಡಾನೇ ಕಟ್ತೀನಿ" ಎಂದರು. ಜನ ಹೀಗೆ ಹೇಳುತ್ತಾರೆ, ಮರೆಯುತ್ತಾರೆ. ಅವರು ಮರೆಯಲಿಲ್ಲ. ತರಗತಿ ತರಗತಿಗೆ ಹೋಗಿ, ಮನೆ ಮನೆಗೆ ಹೋಗಿ, ಸಂಜೆ ಕತ್ತಲಾಗುವ ಮೊದಲು ಪ್ರತಿಯೊಬ್ಬಳನ್ನೂ ಬಸ್ಸು ಹತ್ತಿಸುವ ಜವಾಬ್ದಾರಿ ಹೊತ್ತು ಹುಡುಗಿಯರನ್ನು ಒಟ್ಟು ಮಾಡಿದರು. ನಮ್ಮ ಹುಡುಗಿಯನ್ನು ಮನೆಯಿಂದ ಕರೆತಂದು ಅವರಿಗೆ ನಾಯಕಿ ಮಾಡಿದರು. ನಾನು ಅವಳನ್ನು ಕಂಡುಹಿಡಿದೆ ಅಷ್ಟೇ, ಉಳಿಸಿದ್ದು ಆ ಮನುಷ್ಯ. ಇವತ್ತಿಗೂ ಅವರ ಹೆಸರು ಬಂದರೆ ನನ್ನ ಕೈ ತಾನಾಗಿ ಎದೆಗೆ ಹೋಗುತ್ತದೆ.

ಆದರೆ ಅಲ್ಲಿ ಕಂಬ ಒಂದೇ ಇತ್ತು. ಇದನ್ನು ನಾನು ಯಾರ ಹತ್ತಿರವೋ ಹೇಳಿಕೊಂಡದ್ದು ಕಾರ್ಯದರ್ಶಿಗಳ ಕಿವಿಗೆ ಬಿತ್ತು, ಅದರ ಜೊತೆಗೆ ಭಾನುವಾರದ ಸುದ್ದಿಯೂ. ಕರೆಸಿದರು.

"ಏನ್ ಮೇಡಂ, ನಮ್ಮ ಸಂಬಳ ತಗಂಡು ಆಂಧ್ರದೋರ ಟೀಮ್ ಕಟ್ತಾ ಇದೀರಂತೆ?"

"ಭಾನುವಾರ ನನ್ನದು ಸರ್. ಸಿನಿಮಾಕ್ಕೆ ಹೋಗಲ್ಲ, ಅಲ್ಲಿಗೆ ಹೋಗ್ತೀನಿ."

"ನಾಳೆ ಅವಳು ನಮ್ಮೋರನ್ನೇ ಸೋಲಿಸಿದ್ರೆ?"

"ಸೋಲಿಸಿದ್ರೆ ನೀವು ಸೀಟು ಕೊಡಬೇಕಿತ್ತು ಅಂತ ಎಲ್ಲರಿಗೂ ಗೊತ್ತಾಗ್ತದೆ."

ನನ್ನ ಬಾಯಿ ಹಾಗೆಯೇ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತರು. ಆಮೇಲೆ, "ನಮ್ಮ ಹಳೇ ಕಂಬ ಗೋಡೌನಿನಾಗೆ ಬಿದ್ದಾವೆ. ಹುಳ ತಿನ್ನೋದರ ಬದಲು ಒಯ್ರಿ. ನಾನು ಕೊಟ್ಟೆ ಅಂತ ಮಾತ್ರ ಎಲ್ಲೂ ಬಾಯಿ ಬಿಡಬ್ಯಾಡ್ರಿ" ಎಂದರು. ಬಾಯಿ ಬಿಡದೆ ಇಷ್ಟು ದಿನ ಇದ್ದೆ. ಈಗ ಬರೆಯುತ್ತಿದ್ದೇನೆ, ಅವರು ಕ್ಷಮಿಸಬೇಕು. ಶೇಂಗಾ ಇಳಿಸಿ ಖಾಲಿ ಹೋಗುತ್ತಿದ್ದ ಅಪ್ಪನ ಟೆಂಪೋದಲ್ಲಿ ಕಂಬಗಳು ಗಡಿ ದಾಟಿದವು.

ಎರಡನೆಯ ವರ್ಷ ಅವಳು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು, ಬೆಂಚಿನ ಮೇಲೆ. ಮೂರನೆಯ ವರ್ಷ ಮೊದಲ ಮೂವರಲ್ಲಿ ಒಬ್ಬಳು. ಆ ವರ್ಷವೇ ನಮ್ಮ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ನನ್ನನ್ನು ತರಬೇತುದಾರಳನ್ನಾಗಿ ಹಾಕಿದರು. ದಕ್ಷಿಣ ವಲಯದ ಪಂದ್ಯಾವಳಿಗೆ ರೈಲಿನಲ್ಲಿ ಹೋದೆವು. ಎರಡು ಪಂದ್ಯ ಗೆದ್ದೆವು. ಕ್ವಾರ್ಟರ್ ಫೈನಲ್ ಯಾರ ಮೇಲೆ ಎಂದು ಬೋರ್ಡು ನೋಡಿ ಬಂದ ಸಾಂಗ್ಲಿಯ ಹುಡುಗಿ ನನ್ನ ಮುಖ ನೋಡಿ ನಕ್ಕಳು. "ಮೇಡಂ, ಆಪ್‌ಕಿ ಬೇಟಿ ಆ ರಹೀ ಹೈ" ಎಂದಳು.

ನಗುವ ವಿಷಯವೇ. ನಮ್ಮ ಕರ್ನಾಟಕದ ತಂಡದ ಮುಖ್ಯ ಚೇಸರ್ ಮಹಾರಾಷ್ಟ್ರದವಳು. ಆಂಧ್ರದ ತಂಡದ ಮುಖ್ಯ ಡಿಫೆಂಡರ್ ಮೊಳಕಾಲ್ಮೂರಿನವಳು. ಆದರೆ ಆ ಬೆಳಗ್ಗೆ ತಂಡದ ಮೀಟಿಂಗಿನಲ್ಲಿ ನನಗೆ ನಗು ಬರಲಿಲ್ಲ. ಗೆದ್ದವರಿಗೆ ಅಖಿಲ ಭಾರತ ಮಟ್ಟಕ್ಕೆ ಹೋಗುವ ದಾರಿ ತೆರೆಯುತ್ತದೆ. ಅವಳಿಗೆ ಅದು ಕೊನೆಯ ವರ್ಷ. ಅಲ್ಲಿ ಆಡಿದರೆ ದೈಹಿಕ ಶಿಕ್ಷಕಿಯಾಗಲು ಬೇಕಾದ ಬಿ.ಪಿ.ಇಡಿ.ಗೆ ಕ್ರೀಡಾ ಕೋಟಾದಲ್ಲಿ ಸೀಟು, ಇಲ್ಲದಿದ್ದರೆ ಡಿಗ್ರಿ ಮುಗಿಸಿ ಅದೇ ಮಿಷನ್. ಇನ್ನು ಅವಳ ಆಟದಲ್ಲಿ ನಾನು ಎಷ್ಟು ತಿದ್ದಿದರೂ ಹೋಗದ ಒಂದು ದೋಷ ಉಳಿದಿತ್ತು. ಕಂಬದ ಹತ್ತಿರ ಇಕ್ಕಟ್ಟಾದಾಗ ಅವಳು ಯಾವಾಗಲೂ ಬಲಕ್ಕೆ ಹೊರಳುತ್ತಿದ್ದಳು. ನೋಡಿದವರಿಗೆ ತಿಳಿಯುವಷ್ಟು ದೊಡ್ಡದಲ್ಲ. ಎರಡೂವರೆ ವರ್ಷ ಭಾನುವಾರ ಭಾನುವಾರ ನೋಡಿದವಳಿಗೆ ಮಾತ್ರ ಗೊತ್ತು.

ಹುಡುಗಿಯರು ನನ್ನ ಎದುರು ಕೂತಿದ್ದರು. ಅವರಲ್ಲಿ ಒಬ್ಬಳು ಕೊಂಡ್ಲಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದು ಅಭ್ಯಾಸ ಮಾಡಿದವಳು. ಇನ್ನೊಬ್ಬಳು ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿ ಕಾಯುವ ಮನೆಯವಳು. ಇವರೂ ನನ್ನನ್ನೇ ನಂಬಿದವರು. ಹೇಳದೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ತಂಡದ ಮುಂದೆ ಕೂತು, ಗೊತ್ತಿದ್ದನ್ನು ಬಾಯಲ್ಲಿ ಅಡಗಿಸಿಕೊಂಡು, 'ಚೆನ್ನಾಗಿ ಆಡಿ' ಎಂದು ಹೇಳುವುದು ನನಗೆ ಒಗ್ಗಲಿಲ್ಲ.

"ಅವಳು ಕಂಬದ ಹತ್ತಿರ ಬಲಕ್ಕೇ ಹೊರಳೋದು. ಎಡ ನೋಡಲೇಬೇಡ. ಬಲಕ್ಕೆ ಡೈವ್ ಹೊಡಿ" ಎಂದು ಸಾಂಗ್ಲಿಯ ಹುಡುಗಿಗೆ ಹೇಳಿದೆ. ಹೇಳಿ ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ.

ಪಂದ್ಯ ಸಮಸಮವಾಗಿ ನಡೆಯಿತು. ಕೊನೆಯ ಸರದಿ ನಮ್ಮ ಅಟ್ಟುವಿಕೆ. ಅವರ ಮೊದಲ ಮೂವರಲ್ಲಿ ಇಬ್ಬರು ಬೇಗ ಔಟಾದರು, ಇವಳು ಉಳಿದಳು. ಚೈನ್ ಓಟದಲ್ಲಿ ಕೂತವರ ಹಿಮ್ಮಡಿ ನೋಡುತ್ತಾ, ಅವಸರವಿಲ್ಲದೆ, ತುಟಿ ಅಲ್ಲಾಡಿಸುತ್ತಾ ಓಡುತ್ತಿದ್ದಳು. ಯಾವ ಹಾಡು ಎಂದು ನನಗೆ ಗೊತ್ತಾಯಿತು. ಸಮಯ ಕರಗುತ್ತಿತ್ತು. ಕಡೆಗೆ ನಮ್ಮವರು ಅವಳನ್ನು ಸರಿಯಾಗಿ ಕಂಬದ ಕಡೆ ತಳ್ಳಿದರು. ಸಾಂಗ್ಲಿಯ ಹುಡುಗಿಗೆ ಖೋ ಸಿಕ್ಕಿತು. ಅವಳು ಎದ್ದು ನಾಲ್ಕು ಹೆಜ್ಜೆಗೆ ಕಂಬ ಹಿಡಿದು ಬಲಕ್ಕೆ ಹಾರಿದಳು. ಅಂಥ ಡೈವ್ ಅವಳೂ ಮತ್ತೆ ಹೊಡೆದಿಲ್ಲ.

ನಮ್ಮ ಮೊಳಕಾಲ್ಮೂರಿನ ಹುಡುಗಿ ಎಡಕ್ಕೆ ಹೊರಳಿದಳು.

ಸಾಂಗ್ಲಿಯವಳ ಬೆರಳು ಬರೀ ಮಣ್ಣು ಕೆರೆದವು. ಇವಳು ಸಾಲಿನ ಆ ತುದಿಗೆ ಹೋಗಿ ನಿಂತು ಸೊಂಟದ ಮೇಲೆ ಕೈಯಿಟ್ಟು ಉಸಿರು ತೆಗೆದುಕೊಂಡಳು. ಅವಳನ್ನು ಹಿಡಿಯುವ ಹೊತ್ತಿಗೆ ತಡವಾಗಿತ್ತು. ಎರಡು ಅಂಕದಲ್ಲಿ ಸೋತೆವು. ನನ್ನ ಕಣ್ಣಲ್ಲಿ ನೀರು ಬಂತು. ಯಾವ ತಂಡಕ್ಕಾಗಿ ಎಂದು ಕೇಳಿದರೆ ಎರಡಕ್ಕೂ ಎಂದು ಹೇಳಬೇಕು.

ಅಂಕಪಟ್ಟಿಗೆ ಸಹಿ ಹಾಕಿ ಬರುವಾಗ ಅವಳು ನೀರಿನ ಡ್ರಮ್ಮಿನ ಹತ್ತಿರ ಕಾಯುತ್ತಿದ್ದಳು. ಮೊಣಕೈ ತರಚಿತ್ತು.

"ಬಲಕ್ಕೆ ಅಂತ ನಾನೇ ಹೇಳಿದ್ದೆ ಕಣೆ" ಅಂದೆ.

"ಗೊತ್ತು ಮೇಡಂ. ನೀವು ನಿಮ್ಮೋರಿಗೆ ಹೇಳೇ ಹೇಳ್ತೀರಿ ಅಂತ ಗೊತ್ತಿತ್ತು. ಹೇಳದೆ ಬಿಡೋ ಪೈಕಿ ಅಲ್ಲ ನೀವು. ಅದಕ್ಕೇ ದಸರಾ ಆದಾಗಿಂದ ಎಡಕ್ಕೆ ಕಲಿತಾ ಇದ್ದೆ, ನಮ್ಮ ಕಾಲೇಜಿನಾಗೆ."

"ಭಾನುವಾರ ನನ್ನ ಮುಂದೆ ಒಂದು ಸಲಾನೂ ಎಡಕ್ಕೆ ತಿರುಗಲಿಲ್ಲವಲ್ಲೇ?"

"ನಿಮ್ಮ ಮುಂದೆ ತಿರುಗಿದ್ರೆ ಅದನ್ನೂ ಹೇಳ್ತಿದ್ರಿ."

ಸೋತ ತಂಡದ ಕೋಚ್ ಹಾಗೆ ಬಿದ್ದು ಬಿದ್ದು ನಗುವುದನ್ನು ಆ ಮೈದಾನ ಕಂಡಿತ್ತೋ ಇಲ್ಲವೋ. ಮರದ ಕೆಳಗೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ನಮ್ಮ ಹುಡುಗಿಯರು ನನಗೆ ತಲೆ ಕೆಟ್ಟಿತೆಂದು ನೋಡಿದರು. ಅವಳ ಕೈಹಿಡಿದು ಕರೆದುಕೊಂಡು ಹೋಗಿ ಅವರ ಮಧ್ಯೆ ಕೂರಿಸಿದೆ. ಸಾಂಗ್ಲಿಯವಳು ಸರಿದು ಜಾಗ ಕೊಟ್ಟಳು. "ಈಗ ಹೇಳವ್ವ ಇವರಿಗೆ, ಎಡಕ್ಕೆ ಹೆಂಗೆ ಹೊರಳೋದು ಅಂತ" ಅಂದೆ. ಅವಳು ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಕಂಬ ಬರೆದಳು.